ಆಪಲ್ ಮುಂದೆ ಯಾವ ಸಾಫ್ಟ್‌ವೇರ್ ಮಾಡ್ಬೇಕು? ನನ್ ಓಟು ಒಂದು ಸಾದಾ ಡೇಟಾಬೇಸಿಗೆ

ತೋಟದಮನೆ_ಸಿರ್ಸಿ

ಎಲ್ರಿಗೂ ನಮಸ್ಕಾರ. ಆಪಲ್‌ನೋರು ಈಗೀಗ ವರ್ಷಕ್ಕೊಂದು ಹೊಸ ಆಪ್ ಬಿಡ್ತಾನೇ ಇದಾರೆ. 2022ರ ಡಿಸೆಂಬರಲ್ಲಿ ಫ್ರೀಫಾರ್ಮ್ ಬಂತು, 2023ರ ಡಿಸೆಂಬರಲ್ಲಿ ಜರ್ನಲ್, 2024ರಲ್ಲಿ ಪಾಸ್‌ವರ್ಡ್ಸ್, 2025ರ ಫೆಬ್ರವರೀಲಿ ಇನ್ವೈಟ್ಸ್, ಅದೇ ವರ್ಷ ಐಓಎಸ್ 26ರ ಜೊತೆ ಗೇಮ್ಸ್ ಅಂತ ಒಂದು, ಮ್ಯಾಕಲ್ಲಿದ್ದ ಪ್ರಿವ್ಯೂನೂ ಫೋನಿಗೆ ಬಂತು. ಐಪ್ಯಾಡಿಗೆ ಕ್ಯಾಲ್ಕುಲೇಟರ್ ಕೊಡೋಕೇ 2010ರಿಂದ 2024ರ ತನಕ ತಗೊಂಡೋರು ಇವ್ರು, ಆ ಲೆಕ್ಕಕ್ಕೆ ಈ ಸ್ಪೀಡು ಜಾಸ್ತೀನೇ ಆಯ್ತು. ಆದ್ರೆ ನಂಗೆ ಬೇಕಾಗಿರೋದು ಮಾತ್ರ ಈ ಪಟ್ಟೀಲಿ ಇಲ್ಲ.

ನಂಗೆ ಬೇಕಾಗಿರೋದು ಒಂದು ಸಣ್ಣ ಡೇಟಾಬೇಸ್. ನೋಟ್ಸ್‌ಗಿಂತ ಸ್ವಲ್ಪ ಶಿಸ್ತು ಇರ್ಬೇಕು, ಆದ್ರೆ ಕೋಡಿಂಗ್ ಗೊತ್ತಿಲ್ದೇ ಇರೋರೂ ಮಾಡ್ಕೊಳ್ಳೋ ಹಂಗಿರ್ಬೇಕು, ಮ್ಯಾಕಲ್ಲಿ ಮಾಡಿದ್ದು ಫೋನಲ್ಲಿ ತಂತಾನೆ ಕಾಣ್ಬೇಕು, ಅಷ್ಟೇ. ಯಾಕೆ ಅಂದ್ರೆ ನಮ್ಮೂರಲ್ಲಿ ನಾವೊಂದಷ್ಟು ಜನ ಸೇರಿ ಒಂದು ವಾಚನಾಲಯ ನಡೆಸ್ತೀವಿ, ಮೂರು ಸಾವಿರದ ಹತ್ರ ಪುಸ್ತಕ ಇದೆ. ಯಾವ ಪುಸ್ತಕ ಯಾವ ಕಪಾಟಲ್ಲಿದೆ, ಯಾರು ತಗೊಂಡು ಹೋದ್ರು, ಯಾವಾಗ ತಂದ್ಕೊಟ್ರು ಅನ್ನೋದೆಲ್ಲ ನಂಬರ್ಸ್ ಅಂತ ಆಪಲ್‌ದೇ ಲೆಕ್ಕದ ಶೀಟಿನ ಆಪ್ ಇದ್ಯಲ್ಲ, ಅದ್ರಲ್ಲಿ ಬರೀತೀವಿ. ಸಂಜೆ ಯಾರ್ ಕೂತಿರ್ತಾರೋ ಅವ್ರು ಬರಿಯೋದು, ಒಬ್ರು "ಹೆಗಡೆ" ಅಂತ ಬರೀತಾರೆ, ಇನ್ನೊಬ್ರು "ಹೆಗ್ಡೆ" ಅಂತ, ಮತ್ತೊಬ್ರು ಇನಿಶಿಯಲ್ ಮುಂದೆ ಹಾಕ್ತಾರೆ. ಆಮೇಲೆ ಹುಡುಕಿದ್ರೆ ಒಬ್ಬರೇ ಮನುಷ್ಯರು ಮೂರು ಜನ ಆಗಿರ್ತಾರೆ, ಒಬ್ರ ಹೆಸರಲ್ಲಿ ಪುಸ್ತಕ ಹೋಗಿರತ್ತೆ, ಇನ್ನೊಬ್ರ ಹೆಸರಲ್ಲಿ ವಾಪಸ್ ಬಂದಿರತ್ತೆ. ಯಾರದ್ದಾದ್ರೂ ಫೋನ್ ನಂಬರ್ ಬದಲಾದ್ರೆ ಅವ್ರು ತಗೊಂಡ ಎಲ್ಲಾ ಪುಸ್ತಕದ ಸಾಲಲ್ಲೂ ಹೋಗಿ ತಿದ್ಬೇಕು. ಸದಸ್ಯರ ಪಟ್ಟಿ ಒಂದು ಕಡೆ, ಪುಸ್ತಕದ ಪಟ್ಟಿ ಇನ್ನೊಂದು ಕಡೆ, ಎರಡಕ್ಕೂ ನಡುವೆ ಒಂದು ಕೊಂಡಿ, ಇಷ್ಟಿದ್ರೆ ಈ ರಗಳೆ ಇರಲ್ಲ.

ತಮಾಷೆ ಏನಪ್ಪಾ ಅಂದ್ರೆ ಇದು ಆಪಲ್ ಹತ್ರ ಇತ್ತು! 1991ರಲ್ಲಿ ಬಂದ ಕ್ಲಾರಿಸ್‌ವರ್ಕ್ಸ್ ಒಳಗೇ ಡೇಟಾಬೇಸ್ ಇತ್ತು, ಪತ್ರ ಬರಿಯೋದು, ಚಿತ್ರ ಬಿಡಿಸೋದು, ಲೆಕ್ಕದ ಶೀಟು ಎಲ್ಲದರ ಜೊತೆಗೆ. 1998ರಲ್ಲಿ ಅದೇ ಆಪಲ್‌ವರ್ಕ್ಸ್ ಆಯ್ತು, 2007ರಲ್ಲಿ ನಿಲ್ಲಿಸಿದ್ರು. ಆಮೇಲೆ ಆಪಲ್‌ದೇ ಕಂಪನಿ ಫೈಲ್‌ಮೇಕರ್‌ನೋರು 2008ರ ಜನವರೀಲಿ ಬೆಂಟೊ ಅಂತ ಒಂದು ಡೇಟಾಬೇಸ್ ಆಪ್ ಬಿಟ್ರು, 49 ಡಾಲರ್, ಮ್ಯಾಕಲ್ಲಿರೋ ಅಡ್ರೆಸ್ ಬುಕ್ಕು ಕ್ಯಾಲೆಂಡರ್ ಎಲ್ಲ ಅದ್ರೊಳಗೇ ಕಾಣ್ತಿತ್ತು, ಮುಂದೆ ಐಫೋನಿಗೂ ಐಪ್ಯಾಡಿಗೂ ಬಂತು. 2013ರ ಸೆಪ್ಟೆಂಬರಿಗೆ ಅದಕ್ಕೂ ಬಾಗಿಲು. ಅದಕ್ಕೂ ಮೊದ್ಲು 1987ರಲ್ಲಿ ಆಪಲ್‌ನ ಪ್ರೋಗ್ರಾಮರ್ ಬಿಲ್ ಆಟ್ಕಿನ್‌ಸನ್ ಮಾಡಿದ, ಕಾರ್ಡುಗಳ ಥರ ಮಾಹಿತಿ ಜೋಡಿಸೋ ಹೈಪರ್‌ಕಾರ್ಡ್, ಅದನ್ನ 2004ರಲ್ಲಿ ಮಾರೋದು ನಿಲ್ಲಿಸಿದ್ರು. ಅಂದ್ರೆ ಸಾಮಾನ್ಯ ಜನ ತಮಗೆ ಬೇಕಾದ ಪಟ್ಟಿ ತಾವೇ ಮಾಡ್ಕೊಳ್ಳೋ ಸಾಫ್ಟ್‌ವೇರ್‌ನ ಮೂರು ಸಲ ಮಾಡಿ ಮೂರು ಸಲಾನೂ ಎತ್ತಿಟ್ಟಿದಾರೆ. ನಾಲ್ಕನೇ ಸಲ ಮಾಡ್ಲಿ ಅನ್ನೋದು ನನ್ ಆಸೆ.

ನೀವಾದ್ರೆ ಏನು ಕೇಳ್ತೀರಿ? ಎಐ ಹಾಕ್ಲಿ ಅಂತ ಮಾತ್ರ ಯಾರೂ ಹೇಳ್ಬೇಡಿ, ಅದು ಹೆಂಗಿದ್ರೂ ಹಾಕ್ತಾರೆ.

---

ಹುಬ್ಬಳ್ಳಿ_ಮಾಸ್ತರ

ನಮಸ್ಕಾರ್ರೀ ಸಿರ್ಸಿ ಅಣ್ಣಾರ. ನೀವ್ ಹೇಳಿದ್ದ ಇತಿಹಾಸ ಎಲ್ಲಾ ಖರೇನ ಐತಿ, ಆದ್ರ ನಿಮ್ಮ ಲೈಬ್ರರಿ ಕೆಲಸ ನಂಬರ್ಸ್‌ನಾಗ ಆಗಂಗಿಲ್ಲ ಅನ್ನೂದು ನಾ ಒಪ್ಪಂಗಿಲ್ಲ. ನಮ್ಮ ಸಾಲಿ ಲ್ಯಾಬಿನ ಸಾಮಾನಿನ ಲೆಕ್ಕ ಪೂರ್ತಿ ಅದರಾಗ ಐತಿ.

ಮೊದಲ ಮಾಡೂದೇನಂದ್ರ, ಹೆಸರ ಬರಿಯೂದ ಬಿಡ್ರಿ. ಪ್ರತಿಯೊಬ್ಬ ಸದಸ್ಯಾಗ ಒಂದು ನಂಬರ್ ಕೊಡ್ರಿ, ಬೇರೆ ಶೀಟಿನ್ಯಾಗ ನಂಬರ್, ಹೆಸರು, ಫೋನು ಇಷ್ಟ ಇರಲಿ. ಪುಸ್ತಕ ಕೊಡೂ ಶೀಟಿನ್ಯಾಗ ಬರೇ ನಂಬರ್ ಹಾಕಿದ್ರ ಎಕ್ಸ್‌ಲುಕಪ್ ಫಾರ್ಮುಲಾ ಹೆಸರು ತಾನ ತಂದು ಕೂಡಸ್ತೈತಿ. ಫೋನ್ ಬದಲಾತಂದ್ರ ಒಂದ ಕಡೆ ತಿದ್ರಿ, ಎಲ್ಲಾ ಕಡೆ ತಿದ್ದತೈತಿ. ಕಪಾಟಿನ ಕಾಲಮ್ಮಿಗೆ ಪಾಪ್-ಅಪ್ ಮೆನು ಹಾಕ್ರಿ, ಯಾರೂ ತಪ್ಪು ಬರಿಯಾಕ ಆಗೂದಿಲ್ಲ. ಇನ್ನ ಸಂಜೀಕ ಕುಂದ್ರವ್ರಿಗೆ ಅಷ್ಟು ದೊಡ್ಡ ಶೀಟ್ ತೋರಸಬ್ಯಾಡ್ರಿ, ಐಪ್ಯಾಡ್ ಇಲ್ಲಾ ಐಫೋನ್ ನಂಬರ್ಸ್‌ನಾಗ ಫಾರ್ಮ್ ಅಂತ ಐತಿ, ಅದನ್ನ ಮಾಡಿ ಕೊಡ್ರಿ, ಒಂದ ಸಲಕ್ಕ ಒಂದ ಎಂಟ್ರಿ ಅಷ್ಟ ಕಾಣತೈತಿ.

ಇಷ್ಟ ಆದಮ್ಯಾಲೂ ಡೇಟಾಬೇಸ್ ಬೇಕಂದ್ರ ಲಿಬ್ರೆಆಫೀಸ್ ಬೇಸ್ ಮ್ಯಾಕ್‌ನಾಗ ಓಡತೈತಿ, ಪುಕ್ಕಟೆ, ಜಾವಾ ಹಾಕ್ಕೋಬೇಕಾಗತೈತಿ ಅಷ್ಟ. ನೋಡಾಕ ಚಂದ ಇಲ್ಲ, ಅದು ಬ್ಯಾರೆ ಮಾತು.

---

ಪುಟ್ಟಣ್ಣ_ಪಿಸಿ

ವಿಂಡೋಸಿಗೆ ಬಂದ್ಬಿಡಿ ಗುರು, ಎಂಎಸ್ ಆಕ್ಸೆಸ್ ಅನ್ನೋ ಡೇಟಾಬೇಸ್ 1992ರಿಂದ ಇದೆ. ಮ್ಯಾಕಿಗೆ ಮಾತ್ರ ಅವ್ರು ಯಾವತ್ತೂ ಕೊಟ್ಟಿಲ್ಲ 😄

---

ಫ್ಲ್ಯಾಶ್_ದಾವಣಗೆರೆ

ಡೇಟಾಬೇಸು ಗೀಟಾಬೇಸು ಆಮೇಲೆ ನೋಡನ, ಮೊದ್ಲು ಅಪರ್ಚರ್ ಅಂತ ಆಪಲ್‌ದೇ ಫೋಟೋ ಆರಿಸಿ ತಿದ್ದೋ ಆಪ್ ಇತ್ತಲ್ಲ, ಅದನ್ನ ವಾಪಸ್ ಕೊಡ್ಲಿ. ನಾನು ಮದುವೆ ಫೋಟೋ ತೆಗಿಯೋನು. ಧಾರೆ, ನಾಗೋಲಿ, ರಿಸೆಪ್ಶನ್ ಎಲ್ಲಾ ಸೇರಿ ಒಂದು ಮದುವೆಗೆ ಸಾವಿರಗಟ್ಟಲೆ ರಾ ಫೈಲು, ಅಂದ್ರೆ ಕ್ಯಾಮೆರಾದ ಕಚ್ಚಾ ಚಿತ್ರ. ತೆಗಿಯೋದು ಕಷ್ಟ ಅಲ್ಲ, ಆರಿಸೋದು ಕಷ್ಟ. ತಾಳಿ ಕಟ್ಟೋ ಹೊತ್ತಿಗೆ ಕ್ಯಾಮೆರಾ ಬಟನ್ ಒತ್ತಿ ಹಿಡ್ದಿರ್ತೀವಿ, ಒಂದೇ ಥರದ್ದು ಮೂವತ್ತು ಫ್ರೇಮ್ ಇರ್ತವೆ, ಅದ್ರಲ್ಲಿ ಮದುಮಗಳ ಕಣ್ಣು ಮುಚ್ಚಿಲ್ದೇ ಇರೋದು, ಅಕ್ಷತೆ ಗಾಳೀಲಿರೋದು, ಹಿಂದೆ ಯಾರೋ ಆಕಳಿಸ್ದೇ ಇರೋದು ಒಂದು ಸಿಕ್ಕಿದ್ರೆ ಪುಣ್ಯ. ಅಪರ್ಚರಲ್ಲಿ ಇಂಥವನ್ನ ಟೈಮ್ ನೋಡಿ ತಾನೇ ಗುಂಪು ಕಟ್ಟಿ ಸ್ಟ್ಯಾಕ್ ಮಾಡ್ತಿತ್ತು. ಆಮೇಲೆ ಲೂಪ್ ಅಂತ ಒಂದಿತ್ತು, ಭೂತಗನ್ನಡಿ ಥರ, ಫೋಟೋ ಓಪನ್ ಮಾಡ್ದೇನೇ ಸಣ್ಣ ಚಿತ್ರದ ಮೇಲೆ ಇಟ್ರೆ ಕಣ್ಣು ಶಾರ್ಪ್ ಇದೆಯಾ ಇಲ್ವಾ ಅಂತ ಕಾಣ್ತಿತ್ತು. ಲೈಟ್ ಟೇಬಲ್ ಮೇಲೆ ಫೋಟೋಗಳನ್ನ ಹೆಂಗ್ ಬೇಕೋ ಹಂಗ್ ಹರಡ್ಕೊಂಡು ಆಲ್ಬಮ್ ಪುಟ ಯೋಚ್ನೆ ಮಾಡಬಹುದಿತ್ತು.

2005ರಲ್ಲಿ ಬಂದಾಗ 499 ಡಾಲರ್ ಇತ್ತು, 2011ರಲ್ಲಿ ಮ್ಯಾಕ್ ಆಪ್ ಸ್ಟೋರಿಗೆ ಬಂದಾಗ 80 ಡಾಲರಿಗೆ ಇಳೀತು. ಅಷ್ಟೊತ್ತಿಗೆ ಅಡೋಬಿಯೋರ ಲೈಟ್‌ರೂಮ್ ಜೋರಾಗಿತ್ತು ಬಿಡಿ. 2014ರ ಜೂನಲ್ಲಿ ಇನ್ಮೇಲೆ ಇಲ್ಲ ಅಂತ ಹೇಳಿದ್ರು, 2015ರಲ್ಲಿ ಅದ್ರ ಜಾಗಕ್ಕೆ ಫೋಟೋಸ್ ಬಂತು, ಮನೆ ಫೋಟೋಗೆ ಅದು ಚೆನ್ನಾಗೇ ಇದೆ, ಕೆಲಸಕ್ಕೆ ಅಲ್ಲ. ಈಗ ಅಪರ್ಚರ್ ಓಪನ್ ಮಾಡ್ಬೇಕು ಅಂದ್ರೆ ಮೊಹಾವಿ ತನಕದ ಹಳೇ ಸಿಸ್ಟಂ ಇರೋ ಮ್ಯಾಕೇ ಬೇಕು.

ಆದ್ರೂ ನಂಗೆ ಆಸೆ ಯಾಕಿದೆ ಅಂದ್ರೆ, ಲಿಥುವೇನಿಯಾದ ಪಿಕ್ಸೆಲ್‌ಮೇಟರ್ ಕಂಪನೀನ ಆಪಲ್ ತಗೊಳ್ತಾ ಇದೆ ಅಂತ 2024ರ ನವೆಂಬರಲ್ಲಿ ಸುದ್ದಿ ಬಂತು, 2025ರಲ್ಲಿ ವ್ಯವಹಾರ ಮುಗೀತು. ಅವ್ರ ಹತ್ರ ಫೋಟೊಮೇಟರ್ ಇದೆ, ರಾ ಎಡಿಟಿಂಗ್ ಸಖತ್ತಾಗಿದೆ. ಅದಕ್ಕೆ ಸ್ಟ್ಯಾಕು, ಲೂಪು, ಆಮೇಲೆ ಎರಡು ಹಾರ್ಡ್‌ಡಿಸ್ಕಲ್ಲಿ ಲೈಬ್ರರಿ ಇಟ್ಕೊಳ್ಳೋ ವ್ಯವಸ್ಥೆ ಸೇರಿಸಿದ್ರೆ ಅಪರ್ಚರ್ ಅಂತ ಹೆಸರು ಇಡದೇ ಇದ್ರೂ ನಡಿಯತ್ತೆ. ಸಾಫ್ಟ್‌ವೇರಿಗೆ ತಿಂಗಳ ತಿಂಗಳ ಬಾಡಿಗೆ ಕಟ್ಟೋದು ಮಾತ್ರ ನಂಗಾಗಲ್ಲ, ನಮ್ದು ಸೀಸನ್ ಬಿಸಿನೆಸ್ಸು, ಆಷಾಢದಲ್ಲಿ ಮದುವೆ ಇರಲ್ಲ ಅಂತ ಅವ್ರಿಗೆ ಯಾರು ಹೇಳೋದು.

---

ಕುಡ್ಲ_ಡೆವ್

ನಾನು ಸ್ವಲ್ಪ ಉಲ್ಟಾ ಮಾತಾಡ್ತೇನೆ, ಬೇಜಾರು ಮಾಡ್ಬೇಡಿ. ನಾನು ಮ್ಯಾಕಿಗೆ ಆಪ್ ಬರೀತೇನೆ, ಅದ್ರಿಂದಲೇ ನನ್ನ ಊಟ. ಆಪಲ್ ಹೊಸ ಆಪ್ ಮಾಡ್ಬೇಕು ಅಂತ ನೀವೆಲ್ಲ ಕೇಳುವಾಗ ನಮ್ಮಂಥವರಿಗೆ ಎದೆ ಡವಡವ ಆಗ್ತದೆ ಮಾರಾಯ್ರೆ. 2002ರಲ್ಲಿ ಕರೇಲಿಯಾ ಅಂತ ಸಣ್ಣ ಕಂಪನಿಯ ವಾಟ್ಸನ್ ಅಂತ ಆಪ್ ಇತ್ತು, ಸಿನಿಮಾ ಟೈಮಿಂಗು, ಶೇರು ಬೆಲೆ, ಫೋನ್ ನಂಬರು ಎಲ್ಲ ಬ್ರೌಸರ್ ತೆರೆಯದೆ ತೋರಿಸ್ತಿತ್ತು. ಆಪಲ್ ಅದೇ ವರ್ಷ ಮ್ಯಾಕಿನ ಜಾಗ್ವಾರ್ ಸಿಸ್ಟಂ ಜೊತೆ ಶರ್ಲಾಕ್ 3 ಅಂತ ಹುಡುಕುವ ಆಪ್ ಬಿಟ್ಟಿತು, ಹೆಚ್ಚುಕಮ್ಮಿ ಅದೇ ಕೆಲಸ, ಅದೂ ಪುಕ್ಕಟೆ. ಅವತ್ತಿಂದ ಯಾರ ಆಪಿನ ಹೊಟ್ಟೆಗೆ ಆಪಲ್ ಹೊಡೆದ್ರೂ "ಶರ್ಲಾಕ್ ಆಯ್ತು" ಅಂತಲೇ ಹೇಳುದು ನಾವು. ಮತ್ತೆ ಶರ್ಲಾಕ್ ಆದ್ರೂ ಉಳಿಯಿತಾ? ಅದೂ ಇಲ್ಲ.

ನೋಡಿ, ಆಪಲ್‌ಗೆ ಆಪ್ ಅಂದ್ರೆ ಯಂತ್ರ ಮಾರ್ಲಿಕ್ಕೆ ಒಂದು ಕಾರಣ. ಪೇಜಸ್, ನಂಬರ್ಸ್, ಕೀನೋಟ್ 2013ರಲ್ಲಿ ಹೊಸ ಮೆಷಿನ್ ತಗೊಂಡವರಿಗೆ ಫ್ರೀ ಆಯ್ತು, 2017ರಲ್ಲಿ ಎಲ್ಲರಿಗೂ ಫ್ರೀ. ಫ್ರೀ ಕೊಟ್ಟದ್ದಕ್ಕೆ ಗಿರಾಕಿ ಅಂತ ಇರುದಿಲ್ಲ, ಗಿರಾಕಿ ಇಲ್ಲದ ಮೇಲೆ ಯಾರ ಹತ್ರ ಜಗಳ ಮಾಡುದು? ನಾನು ನನ್ನ ಆಪ್ ನಿಲ್ಲಿಸಿದ್ರೆ ದುಡ್ಡು ಕೊಟ್ಟವರು ನನ್ನನ್ನು ಬಿಡುದಿಲ್ಲ. ಹಾಗಾಗಿ ಸಿರ್ಸಿಯವರೇ, ಒಂದು ಸಣ್ಣ ಡೆವಲಪರ್ ಹತ್ರ ಕಾಸು ಕೊಟ್ಟು ತಗೊಂಡ ಡೇಟಾಬೇಸ್ ಆಪು ಆಪಲ್‌ನ ಫ್ರೀ ಆಪಿಗಿಂತ ಹೆಚ್ಚು ವರ್ಷ ಬಾಳ್ತದೆ ಅಂತ ನನ್ನ ಲೆಕ್ಕ.

ಒಂದು ವಿಷಯ ಗೊತ್ತುಂಟಾ, ನೀವು ಕೇಳಿದ ಡೇಟಾಬೇಸ್ ನಿಮ್ಮ ಫೋನಲ್ಲಿ ಈಗಲೇ ಉಂಟು. ಎಸ್‌ಕ್ಯೂಲೈಟ್ ಅಂತ. ನಿಮ್ಮ ಮೆಸೇಜ್‌ಗಳೆಲ್ಲ ಕೂತಿರುದು ಅದರಲ್ಲೇ. ಅದರ ಮೇಲೆ ಆಪ್ ಬರಿಯುವವರಿಗೆ ಅಂತ ಆಪಲ್ ಕೊಟ್ಟ ಸಲಕರಣೆಗಳು, 2005ರಿಂದ ಕೋರ್ ಡೇಟಾ ಉಂಟು, 2023ರಿಂದ ಸ್ವಿಫ್ಟ್‌ಡೇಟಾ, ಸಿಂಕ್ ಮಾಡ್ಲಿಕ್ಕೆ 2014ರಿಂದ ಕ್ಲೌಡ್‌ಕಿಟ್. ಅಡಿಪಾಯ ಗೋಡೆ ಎಲ್ಲ ಆಗಿದೆ, ಜನ ಒಳಗೆ ಹೋಗ್ಲಿಕ್ಕೆ ಬಾಗಿಲು ಮಾತ್ರ ಇಟ್ಟಿಲ್ಲ. ಆ ಬಾಗಿಲು ಇಡುವ ಕೆಲಸ ನಮಗೆ ಬಿಡಲಿ.

---

ತೋಟದಮನೆ_ಸಿರ್ಸಿ

@ಕುಡ್ಲ_ಡೆವ್ ಬಾಗಿಲು ಇಟ್ಟಿಲ್ಲ ಅಂದ್ರಲ್ಲ, ನಾನೂ ಅದನ್ನೇ ಹೇಳ್ತಾ ಇರೋದು. ಆದ್ರೆ ಸಣ್ಣ ಡೆವಲಪರ್ ಆಪು ಹೆಚ್ಚು ಬಾಳತ್ತೆ ಅನ್ನೋದು ಎಲ್ಲಾ ಸಲ ನಿಜ ಅಲ್ಲ ಸ್ವಾಮಿ. ನಾನು ದುಡ್ಡು ಕೊಟ್ಟು ತಗೊಂಡ ಒಂದು ಆಪು (ಹೆಸರು ಬೇಡ) ಇದ್ದಕ್ಕಿದ್ದಂಗೆ ಸ್ಟೋರಿಂದ ಮಾಯ ಆಯ್ತು, ಮೇಲ್ ಹಾಕಿದ್ರೆ ಉತ್ತರಾನೇ ಇಲ್ಲ, ನಾನೂ ಯಾರ ಹತ್ರ ಜಗಳ ಮಾಡ್ಲಿ ಹೇಳಿ. ಆಪಲ್ ನಿಲ್ಲಿಸೋದಾದ್ರೆ ಕೊನೇ ಪಕ್ಷ ಊರಿಗೆಲ್ಲ ಗೊತ್ತಾಗತ್ತೆ, ಡೇಟಾ ಹೊರಗೆ ತಗಿಯೋ ದಾರಿ ಹತ್ತು ಜನ ಹುಡುಕಿ ಬರೀತಾರೆ.

ಮತ್ತೆ ಹೈಪರ್‌ಕಾರ್ಡ್ ವಿಷಯದಲ್ಲಿ ನೀವು ಹೇಳೋ ಲೆಕ್ಕ ಉಲ್ಟಾ ಆಗಿತ್ತು. ಆಟ್ಕಿನ್‌ಸನ್ ಅದನ್ನ ಆಪಲ್‌ಗೆ ಕೊಟ್ಟಿದ್ದೇ ಪ್ರತಿ ಮ್ಯಾಕ್ ಜೊತೆ ಪುಕ್ಕಟೆ ಕೊಡ್ಬೇಕು ಅನ್ನೋ ಷರತ್ತಿನ ಮೇಲೆ. ಪುಕ್ಕಟೆ ಇದ್ದಿದ್ದಕ್ಕೇ ಮೇಷ್ಟ್ರುಗಳು ಪಾಠ ಮಾಡ್ಕೊಂಡ್ರು, ಅಂಗಡಿಯೋರು ಸ್ಟಾಕ್ ಬರ್ಕೊಂಡ್ರು. ಮಿಸ್ಟ್ ಅಂತ 1993ರಲ್ಲಿ ಬಂದ ಆ ಫೇಮಸ್ ಗೇಮ್ ಇದ್ಯಲ್ಲ, ಮ್ಯಾಕಲ್ಲಿ ಅದನ್ನ ಕಟ್ಟಿದ್ದು ಹೈಪರ್‌ಕಾರ್ಡಲ್ಲೇ. ವಾರ್ಡ್ ಕನ್ನಿಂಗ್‌ಹ್ಯಾಮ್‌ಗೆ ಯಾರು ಬೇಕಾದ್ರೂ ತಿದ್ದೋ ವೆಬ್‌ಸೈಟು, ಅದೇ ವಿಕಿ, ಅನ್ನೋ ಯೋಚ್ನೆ ಮೊಳೆತಿದ್ದೂ ಹೈಪರ್‌ಕಾರ್ಡಲ್ಲಿ ಆಟ ಆಡ್ತಾನೇ. ಒಂದು ಕಾರ್ಡು, ಅದ್ರ ಮೇಲೆ ಖಾಲಿ ಜಾಗ, ಒಂದು ಬಟನ್ನು, ಬಟನ್ ಒತ್ತಿದ್ರೆ ಇನ್ನೊಂದು ಕಾರ್ಡು. ಇಷ್ಟು ಸುಲಭ ಇದ್ದಿದ್ದಕ್ಕೆ ಡೆವಲಪರ್ ಅಲ್ದೇ ಇರೋರೆಲ್ಲ ಏನೇನೋ ಮಾಡಿದ್ರು. ಆಟ್ಕಿನ್‌ಸನ್ 2025ರ ಜೂನಲ್ಲಿ ತೀರ್ಕೊಂಡಾಗ ಎಷ್ಟು ಜನ ಹೈಪರ್‌ಕಾರ್ಡ್ ನೆನಪು ಮಾಡ್ಕೊಂಡು ಬರೆದ್ರು ಅಂತ ನೋಡಿರ್ಬೇಕಲ್ಲ ನೀವು.

@ಹುಬ್ಬಳ್ಳಿ_ಮಾಸ್ತರ ಸರ್, ನಂಬರ್ ಕೊಡೋ ಐಡಿಯಾ ಚೆನ್ನಾಗಿದೆ, ಫಾರ್ಮ್ ಇರೋದು ನಂಗೆ ಗೊತ್ತಿರ್ಲಿಲ್ಲ, ನೋಡ್ತೀನಿ. ಆದ್ರೆ ಸದಸ್ಯರಿಗೆ ಅವ್ರ ನಂಬರ್ ನೆನಪಿರಲ್ಲ ಸರ್, ಬಂದು ನಿಂತು "ನಾನು ಕೆಳಗಿನಮನೆಯೋನು" ಅಂತಾರೆ, ಅಷ್ಟೇ.

---

ಜಯನಗರ_4ನೇಬ್ಲಾಕ್

ಎಲ್ರೂ ಹಳೇದನ್ನೇ ವಾಪಸ್ ಕೇಳ್ತಿದೀರಲ್ಲ, ನಾನು ಯಾವತ್ತೂ ಇಲ್ಲದೇ ಇರೋದು ಕೇಳ್ತೀನಿ. ಮನೆ ಖರ್ಚು ಬರೆಯೋ ಆಪ್. ಕ್ಯಾಲೆಂಡರ್ ಇದೆ, ರಿಮೈಂಡರ್ಸ್ ಇದೆ, ಹೆಲ್ತ್ ಆಪಲ್ಲಿ ನಾನೆಷ್ಟು ಹೆಜ್ಜೆ ನಡೆದೆ ಅಂತನೂ ಇದೆ, ದುಡ್ಡು ಎಲ್ಲಿಗೆ ಹೋಯ್ತು ಅಂತ ಮಾತ್ರ ಇಲ್ಲ. ಬೆಳಿಗ್ಗೆ ಹಾಲು, ಸೊಪ್ಪು, ಆಟೋ, ಮಧ್ಯಾಹ್ನ ಮಗಳ ಡ್ಯಾನ್ಸ್ ಕ್ಲಾಸು, ಸಂಜೆ ಹೂವು, ಎಲ್ಲಾ ಕ್ಯೂಆರ್ ಸ್ಕ್ಯಾನ್ ಮಾಡಿ ಕೊಡೋದು, ತಿಂಗಳ ಕೊನೇಲಿ ಸ್ಟೇಟ್‌ಮೆಂಟ್ ತೆಗೆದ್ರೆ ಬರೀ ಯುಪಿಐ ಯುಪಿಐ ಅಂತ ಉದ್ದುದ್ದ ನಂಬರುಗಳು, ಯಾವುದು ಸೊಪ್ಪು ಯಾವುದು ಆಟೋ ಅಂತ ಬ್ರಹ್ಮನಿಗೂ ಗೊತ್ತಾಗಲ್ಲ.

ಆಂಡ್ರಾಯ್ಡ್‌ನಲ್ಲಿ ಬ್ಯಾಂಕಿನ ಎಸ್‌ಎಂಎಸ್ ಓದಿ ಖರ್ಚು ಲೆಕ್ಕ ಹಾಕೋ ಆಪ್‌ಗಳಿವೆ, ಐಫೋನಲ್ಲಿ ಬೇರೆಯವರ ಆಪ್‌ಗೆ ಮೆಸೇಜ್ ಓದೋಕೆ ಬಿಡಲ್ಲ. ಅದು ಒಳ್ಳೇದೇ, ನನ್ ಮೆಸೇಜನ್ನ ಯಾರ್ಯಾರೋ ಓದೋದು ನಂಗೂ ಬೇಡ. ಹಾಗಾಗೇ ಹೇಳ್ತಿರೋದು, ಇದನ್ನ ಆಪಲ್ಲೇ ಮಾಡ್ಬೇಕು, ಫೋನ್ ಒಳಗೇ ಲೆಕ್ಕ ಆಗಿ ಫೋನ್ ಒಳಗೇ ಇರ್ಬೇಕು. @ಕುಡ್ಲ_ಡೆವ್ ಅವ್ರೇ, ಇದನ್ನ ನಿಮಗೆ ಬಿಟ್ರೆ ನೀವು ಮಾಡೋಕಾಗಲ್ಲ, ಅಲ್ವಾ?

ಸದ್ಯಕ್ಕೆ ನಾನೇ ಒಂದು ಜುಗಾಡ್ ಮಾಡ್ಕೊಂಡಿದೀನಿ, ಬೇಕಾದ್ರೆ ನೋಡಿ. ಶಾರ್ಟ್‌ಕಟ್ಸ್ ಆಪ್ ಓಪನ್ ಮಾಡಿ, ಆಟೊಮೇಷನ್‌ಗೆ ಹೋಗಿ, ಮೆಸೇಜ್ ಆರಿಸಿ, ಮೆಸೇಜಲ್ಲಿ "ಡೆಬಿಟೆಡ್" ಅನ್ನೋ ಪದ ಇಂಗ್ಲಿಷಲ್ಲಿ ಇದ್ರೆ ಅಂತ ಕೊಡಿ, ಕೇಳದೇ ತಕ್ಷಣ ಓಡಿಸು ಅನ್ನೋದನ್ನ ಆನ್ ಮಾಡಿ. ಆಮೇಲೆ ಮೆಸೇಜಿಂದ ಮೊತ್ತ ಮಾತ್ರ ಹೆಕ್ಕೋಕೆ ಮ್ಯಾಚ್ ಟೆಕ್ಸ್ಟ್ ಹಾಕಿ, ಕೊನೆಗೆ ನಂಬರ್ಸ್ ಟೇಬಲ್ಲಿಗೆ ಒಂದು ಸಾಲು ಸೇರಿಸೋ ಆಕ್ಷನ್. ನಾನು ಮಧ್ಯದಲ್ಲಿ ಒಂದು ಮೆನು ಇಟ್ಟಿದೀನಿ, ದಿನಸಿ, ಆಟೋ, ಮಕ್ಕಳು, ಇತರೆ ಅಂತ, ಒತ್ತಿದ್ರೆ ಸಾಲಲ್ಲಿ ಸೇರತ್ತೆ. ಕಾಮಾ ಇರೋ ಮೊತ್ತ ಬಂದ್ರೆ ತಪ್ಪು ಓದ್ದಂಗೆ ಪ್ಯಾಟರ್ನ್ ಬರೆಯೋದು ಸ್ವಲ್ಪ ತಲೆನೋವು, ಬ್ಯಾಂಕ್ ಮೆಸೇಜಿನ ವಾಕ್ಯ ಬದಲಾಯಿಸಿದ್ರೆ ಮತ್ತೆ ತಿದ್ಬೇಕು. ಇನ್ನೊಂದು, ಯುಪಿಐ ಲೈಟಲ್ಲಿ ಕೊಟ್ಟ ಚಿಲ್ಲರೆ ದುಡ್ಡಿಗೆ ಒಂದೊಂದಕ್ಕೂ ಮೆಸೇಜ್ ಬರಲ್ಲ, ಅದು ಲೆಕ್ಕದಿಂದ ತಪ್ಪಿಹೋಗತ್ತೆ, ನಮ್ಮನೇಲಿ ಜಾಸ್ತಿ ಹೋಗೋದೇ ಆ ಚಿಲ್ಲರೆ ಬಾಬ್ತಿಗೆ.

---

ಕುಡ್ಲ_ಡೆವ್

@ಜಯನಗರ_4ನೇಬ್ಲಾಕ್ ಹೌದು ಮೇಡಂ, ಇದು ನಮ್ಮ ಕೈಯಲ್ಲಿ ಆಗುವುದಿಲ್ಲ, ಒಪ್ಪಿದೆ. ಅಮೆರಿಕದಲ್ಲಿ 2024ರಿಂದ ಫೈನಾನ್ಸ್‌ಕಿಟ್ ಅಂತ ಉಂಟು, ಆಪಲ್ ಕಾರ್ಡ್ ಅನ್ನುವ ಅವರ ಕ್ರೆಡಿಟ್ ಕಾರ್ಡಿನ ಲೆಕ್ಕವನ್ನು ಬೇರೆ ಆಪ್‌ಗಳು ಅನುಮತಿ ಕೇಳಿ ಓದ್ಬಹುದು. ನಮ್ಮಲ್ಲಿ ಆಪಲ್ ಕಾರ್ಡೇ ಇಲ್ಲ. ಆದ್ರೆ ನಮ್ಮಲ್ಲಿ ಅದಕ್ಕಿಂತ ಒಳ್ಳೆ ವ್ಯವಸ್ಥೆ ಉಂಟು, ರಿಸರ್ವ್ ಬ್ಯಾಂಕಿನ ಅಕೌಂಟ್ ಅಗ್ರಿಗೇಟರ್, 2021ರಿಂದ ನಡೀತಾ ಉಂಟು. ನೀವು ಒಪ್ಪಿಗೆ ಕೊಟ್ರೆ ನಿಮ್ಮ ಬ್ಯಾಂಕಿನ ಲೆಕ್ಕ ಇನ್ನೊಬ್ಬರಿಗೆ ಸರಿಯಾದ ರೂಪದಲ್ಲಿ ಹೋಗ್ತದೆ, ಎಸ್‌ಎಂಎಸ್ ಕೆರೆಯುವ ಅಗತ್ಯವೇ ಇಲ್ಲ. ತೊಡಕು ಎಂತ ಅಂದ್ರೆ ಆ ಲೆಕ್ಕ ತಗೊಳ್ಳುವವರು ರಿಸರ್ವ್ ಬ್ಯಾಂಕೋ ಸೆಬಿಯೋ ಅಂಥ ಯಾವುದಾದ್ರೂ ಹಣಕಾಸು ನಿಯಂತ್ರಕರ ಕೆಳಗೆ ನೋಂದಣಿ ಆಗಿರಬೇಕು. ನನ್ನಂಥ ಒಬ್ಬನೇ ಕೂತು ಕೋಡ್ ಬರಿಯುವವನಿಗೆ ಅದು ಆಗುವ ಹೋಗುವ ಮಾತಲ್ಲ. ಆಪಲ್ ಮನಸ್ಸು ಮಾಡಿದ್ರೆ ಆಗಬಹುದು.

---

ಫ್ರೀಮಾಂಟ್_ಕನ್ನಡಿಗ

ನಂದೊಂದು ಸಣ್ಣ ಆಸೆ. ಅಮ್ಮ ಮೈಸೂರಲ್ಲಿ, ನಾನು ಕ್ಯಾಲಿಫೋರ್ನಿಯಾದಲ್ಲಿ. ಅವ್ರ ಐಪ್ಯಾಡಲ್ಲಿ ಏನೋ ಒಂದು ಒತ್ತಿ ಪರದೆ ಏನೇನೋ ಆಗಿರತ್ತೆ, ಫೋನಲ್ಲಿ "ಅಮ್ಮ ಮೇಲ್ಗಡೆ ಬಲಕ್ಕೆ ಮೂರು ಚುಕ್ಕೆ ಇದ್ಯಾ" ಅಂತ ಕೇಳಿದ್ರೆ "ಚುಕ್ಕೆ ಎಲ್ಲಿದ್ಯೋ, ಕನ್ನಡಕ ತರ್ತೀನಿ ಇರು" ಅಂತಾರೆ, ಅಷ್ಟ್ರಲ್ಲಿ ಐಪ್ಯಾಡ್ ಲಾಕ್ ಆಗಿರತ್ತೆ. ನಾನು ಇಲ್ಲಿಂದಲೇ ಅವ್ರ ಸ್ಕ್ರೀನ್ ಒತ್ತೋ ಹಂಗೆ ಆಪಲ್ ಒಂದು ಆಪ್ ಕೊಡ್ಲಿ.

---

ಜಯನಗರ_4ನೇಬ್ಲಾಕ್

@ಫ್ರೀಮಾಂಟ್_ಕನ್ನಡಿಗ ಅದು ಬಂದಾಯ್ತಲ್ಲ! ಐಓಎಸ್ 18ರಿಂದ ಫೇಸ್‌ಟೈಮ್ ಕಾಲಲ್ಲಿ ಸ್ಕ್ರೀನ್ ಶೇರ್ ಮಾಡಿದ್ರೆ ಈ ಕಡೆಯಿಂದ ಅದ್ರ ಮೇಲೆ ಗೆರೆ ಎಳೆದು ತೋರಿಸಬಹುದು, ಅವ್ರು ಒಪ್ಪಿಗೆ ಕೊಟ್ರೆ ಕಂಟ್ರೋಲನ್ನೂ ತಗೋಬಹುದು. ಎರಡೂ ಕಡೆ ಅಪ್‌ಡೇಟ್ ಆಗಿರ್ಬೇಕು. ಒಪ್ಪಿಗೆ ಬಟನ್ ಎಲ್ಲಿದೆ ಅಂತ ಅಮ್ಮನಿಗೆ ಹೇಳೋ ಕಷ್ಟ ಮಾತ್ರ ನಿಮ್ಮದೇ 😀

---

ಅಕ್ಷರ_ಬಳ್ಳಿ

ಹೊಸ ಆಪ್ ಯಾವುದೂ ಬೇಡ ಅನ್ನೋ ಪಾರ್ಟಿ ನಂದು. ಇರೋದನ್ನೇ ಕನ್ನಡಕ್ಕೆ ಪೂರ್ತಿ ತರಲಿ. 2024ರಲ್ಲಿ ಐಓಎಸ್ 18 ಬಂದಾಗ ಲಾಕ್ ಸ್ಕ್ರೀನಲ್ಲಿ ಗಂಟೆ ನಿಮಿಷಾನ ಕನ್ನಡ ಅಂಕಿಯಲ್ಲಿ ತೋರಿಸೋ ಹಾಗೆ ಮಾಡಿದ್ರು, ಖುಷಿ ಆಯ್ತು, ನಂದು ಈಗಲೂ ೧೦:೪೫ ಅಂತಲೇ ಕಾಣತ್ತೆ. ಅದೇ ಐಓಎಸ್ 18ರಲ್ಲಿ, ಫೋಟೋದಲ್ಲಿರೋ ಅಕ್ಷರ ಓದೋ ಲೈವ್ ಟೆಕ್ಸ್ಟ್ ಭಾಷೆಗಳ ಪಟ್ಟೀಲಿ ಕನ್ನಡ ಇರ್ಲಿಲ್ಲ. ಲೈವ್ ಟೆಕ್ಸ್ಟ್ ಅನ್ನೋದು 2021ರಿಂದ ಇದೆ. ಗಡಿಯಾರದಲ್ಲಿ ಕನ್ನಡ ಬರೆಯೋಕೆ ಬರತ್ತೆ, ಬೋರ್ಡಲ್ಲಿರೋ ಕನ್ನಡ ಓದೋಕೆ ಬರಲ್ಲ, ಇದ್ಯಾವ ಸೀಮೆ ನ್ಯಾಯ. ಗೂಗಲ್ ಲೆನ್ಸ್ ಓದತ್ತೆ, ಚಿತ್ರದಲ್ಲಿರೋ ಅಕ್ಷರ ಓದೋ, ಎಲ್ರಿಗೂ ಫ್ರೀ ಸಿಗೋ ಸಾಫ್ಟ್‌ವೇರ್ ಟೆಸ್ಸರಾಕ್ಟ್‌ಗೂ ಕನ್ನಡ ಕಲಿಸಿಟ್ಟಿದಾರೆ, ಅಂದ್ಮೇಲೆ ಆಗದೇ ಇರೋ ಕೆಲಸ ಏನಲ್ಲ.

ಸಿರ್ಸಿಯವರ ವಾಚನಾಲಯಕ್ಕೂ ಇದೇ ಬೇಕಾಗಿರೋದು ಅನ್ಸತ್ತೆ ನಂಗೆ. ಪುಸ್ತಕದ ಮುಖಪುಟದ ಫೋಟೋ ತೆಗೆದ್ರೆ ಹೆಸರು, ಲೇಖಕರು ತಾನೇ ತುಂಬ್ಕೊಳ್ಳೋ ಹಂಗಿದ್ರೆ ಮೂರು ಸಾವಿರ ಪುಸ್ತಕದ ಎಂಟ್ರಿ ಯಾರಿಗೂ ಭಾರ ಆಗಲ್ಲ. ಹಳೇ ಕನ್ನಡ ಪುಸ್ತಕಗಳಿಗೆ ಬಾರ್‌ಕೋಡ್ ಎಲ್ಲಿರತ್ತೆ, ಇದೊಂದೇ ದಾರಿ.

ಡೇಟಾಬೇಸ್ ಮಾಡೋರಿಗೆ ಇನ್ನೊಂದು ಮಾತು, ಆಪಲ್ ಆಗ್ಲಿ ಕುಡ್ಲದೋರಾಗ್ಲಿ. ಅಕಾರಾದಿ ಸರಿ ಮಾಡಿ. ಕಂಪ್ಯೂಟರಲ್ಲಿ ಒಂದೊಂದು ಅಕ್ಷರಕ್ಕೂ ಒಂದು ಕೋಡ್ ನಂಬರ್ ಕೊಡೋ ಯೂನಿಕೋಡಲ್ಲಿ ಳ ಅಕ್ಷರದ ಜಾಗ ಲ ಆದ್ಮೇಲೆ, ವ ಬರೋಕೆ ಮೊದ್ಲು. ನಮ್ಮ ವರ್ಣಮಾಲೇಲಿ ಳ ಬರೋದು ಹ ಆದ್ಮೇಲೆ. ಪ್ರೋಗ್ರಾಂ ಬರಿಯೋರು ಬರೀ ಕೋಡ್ ನಂಬರ್ ನೋಡಿ ಜೋಡಿಸಿದ್ರೆ ಕಲೆ, ಕಳೆ, ಕವಿ ಅಂತ ಬರತ್ತೆ, ನಿಘಂಟಲ್ಲಿ ನೋಡಿದ್ರೆ ಕಲೆ, ಕವಿ, ಕಹಿ ಎಲ್ಲ ಮುಗಿದ್ಮೇಲೆ ಕಳೆ. ಕಪಾಟಲ್ಲಿ ಪುಸ್ತಕ ಜೋಡಿಸೋರು ನಿಘಂಟಿನ ಕ್ರಮದಲ್ಲಿ ಇಟ್ಟಿರ್ತಾರೆ, ಕಂಪ್ಯೂಟರಿನ ಪಟ್ಟಿ ಇನ್ನೊಂದು ಹೇಳತ್ತೆ, ಪುಸ್ತಕ ಇದ್ರೂ ಇಲ್ಲ ಅಂತ ಆಗತ್ತೆ. ಭಾಷೆ ಕನ್ನಡ ಅಂತ ಹೇಳಿ ಜೋಡಿಸೋ ಸವಲತ್ತು ಸಿಸ್ಟಂ ಒಳಗೆ ಇರತ್ತೆ, ಬಳಸೋರು ಬಳಸ್ಬೇಕಷ್ಟೇ.

---

ಕುಡ್ಲ_ಡೆವ್

@ಅಕ್ಷರ_ಬಳ್ಳಿ ಇದು ಬರೆದಿಟ್ಟುಕೊಂಡೆ. ಥ್ಯಾಂಕ್ಸ್.

---

ಫ್ಲ್ಯಾಶ್_ದಾವಣಗೆರೆ

ಯಾರೂ ಅಪರ್ಚರ್ ಬಗ್ಗೆ ಮಾತಾಡ್ಲೇ ಇಲ್ಲ. ಇರ್ಲಿ ಬಿಡಿ.

---

ಹುಬ್ಬಳ್ಳಿ_ಮಾಸ್ತರ

ದಾವಣಗೆರಿ ಅಣ್ಣ, ನಿಮ್ಮ ಆಸೆಗೆ ನಮ್ಮದೂ ಒಂದ ಓಟು, ಸಿಟ್ಟಾಗಬ್ಯಾಡ್ರಿ.

ಸಿರ್ಸಿ ಅಣ್ಣಾರಿಗೆ: ಸದಸ್ಯರಿಗೆ ನಂಬರ್ ನೆನಪಿರಂಗಿಲ್ಲ ಅಂದ್ರಿ, ಅದಕ್ಕ ನಮ್ಮ ಸಾಲ್ಯಾಗ ಮಾಡಿದ್ದು ಹೇಳ್ತೀನಿ. ನಂಬರಿನ ಬದಲಿ ಮೊಬೈಲಿನ ಕಡೀ ನಾಕು ಅಂಕಿ ಇಟ್ಟೀವಿ. ಇಬ್ಬರದು ಒಂದ ಬಂದ್ರ ಮುಂದ ಒಂದು ಅ, ಬ ಹಚ್ಚತೀವಿ. ಫೋನ್ ಬದಲಾದ್ರೂ ಹಳೇ ನಾಕು ಅಂಕೀನ ಇರಲಿ ಅಂತ ಮೊದಲ ಹೇಳಿಬಿಡ್ರಿ, ಇಲ್ಲಂದ್ರ ಮತ್ತ ಅದ ರಗಳಿ. ಕೆಳಗಿನಮನಿಯವರು ಬಂದು ನಿಂತ್ರ ಸದಸ್ಯರ ಶೀಟಿನ್ಯಾಗ "ಕೆಳಗಿನ" ಅಂತ ಹುಡುಕಿದ್ರ ಬರತೈತಿ, ಮನೀ ಹೆಸರಿಗೆ ಒಂದ ಕಾಲಮ್ ಇಡ್ರಿ.

ಇನ್ನ ಆಪಲ್‌ಗೆ ಹೇಳೂದಾದ್ರ ಇಲ್ಲಿ ಬರದ್ರ ಅವ್ರಿಗೆ ಮುಟ್ಟಂಗಿಲ್ಲ. ಅವ್ರ ಸೈಟಿನ್ಯಾಗ ಫೀಡ್‌ಬ್ಯಾಕ್ ಪುಟ ಐತಿ, ಒಂದೊಂದ ಆಪಿಗೂ ಬ್ಯಾರೆ ಬ್ಯಾರೆ. ಎಲ್ಲಾರೂ ತಮ್ಮ ತಮ್ಮದು ಬರೀರಿ, ಆದ್ರ ಎಲ್ಲಾ ಒಂದರಾಗ ತುರುಕಬ್ಯಾಡ್ರಿ, ಒಂದಕ್ಕ ಒಂದ ಫಾರ್ಮ್. ಲೈವ್ ಟೆಕ್ಸ್ಟ್ ಕನ್ನಡದ್ದು ನಾ ಇವತ್ತ ಹಾಕ್ತೀನಿ.

---

ತೋಟದಮನೆ_ಸಿರ್ಸಿ

ಮಾಸ್ತರೇ, ಮನೆ ಹೆಸರಿನ ಕಾಲಮ್ ಇಡೋದು ನಮ್ಮ ಕಡೆಗೆ ಭಾರೀ ಸರಿಹೋಗತ್ತೆ, ಇಲ್ಲಿ ಎಲ್ರನ್ನೂ ಗುರುತು ಹಿಡಿಯೋದೇ ಮನೆ ಹೆಸರಿಂದ. ಫಾರ್ಮ್ ಮಾಡಿ ನೋಡಿದೆ, ಐಪ್ಯಾಡಲ್ಲಿ ಬಂತು. ಹೊಸ ಸದಸ್ಯರನ್ನ ಸೇರಿಸೋಕೆ ಮಾತ್ರ ಇನ್ನೊಂದು ಶೀಟಿಗೆ ಹೋಗ್ಬೇಕು, ಒಂದೇ ಕಡೆ ಆಗಲ್ಲ, ಬೆಂಟೊ ಇದ್ದಿದ್ರೆ ಅಲ್ಲೇ ಒಂದು ಬಟನ್ ಒತ್ತಿದ್ರೆ ಆಗ್ತಿತ್ತು, ಹೋಗ್ಲಿ.

ಫೀಡ್‌ಬ್ಯಾಕ್ ಬರೀತಾ ಇದೀನಿ. ಫೈಲ್‌ಮೇಕರ್ ಅನ್ನೋ ಡೇಟಾಬೇಸ್ ಈಗಲೂ ಆಪಲ್‌ದೇ, 2019ರಲ್ಲಿ ಅದನ್ನ ಮಾಡೋ ಕಂಪನಿಗೆ ಮತ್ತೆ ಕ್ಲಾರಿಸ್ ಅಂತ ಹಳೇ ಹೆಸರೇ ಇಟ್ರು. ಆ ಡೇಟಾಬೇಸನ್ನೇ ತೆಳ್ಳಗೆ ಮಾಡಿ ಮನೆ ಬಳಕೆಗೆ ಕೊಡಿ ಅಂತ ಕೇಳ್ಲಾ, ಇಲ್ಲ ನಂಬರ್ಸ್ ಒಳಗೇ ಎರಡು ಟೇಬಲ್ ಮಧ್ಯೆ ಕೊಂಡಿ ಹಾಕೋಕೆ ಬಿಡಿ ಅಂತ ಕೇಳ್ಲಾ? ಎರಡನೇದು ಆಗೋ ಸಾಧ್ಯತೆ ಜಾಸ್ತಿ ಅನ್ಸತ್ತೆ. ಬರೆಯೋದು ಗೊತ್ತಿರೋರು ಎರಡು ಸಾಲು ಇಂಗ್ಲಿಷಲ್ಲಿ ಹೇಳಿದ್ರೆ ಅದನ್ನೇ ಹಾಕ್ತೀನಿ.

---

ಕುಡ್ಲ_ಡೆವ್

ಎರಡನೇದನ್ನೇ ಹಾಕಿ, ಸಾಲು ನಾನು ಬರೆದು ಮೆಸೇಜಲ್ಲಿ ಕಳಿಸ್ತೇನೆ. ಮತ್ತೆ ನಿಮ್ಮ ಶೀಟಿನ ಒಂದು ಖಾಲಿ ಕಾಪಿ, ಹೆಸರು ಫೋನು ಎಲ್ಲ ತೆಗೆದು, ನನಗೆ ಕಳಿಸ್ಲಿಕ್ಕೆ ಆಗ್ತದಾ? ಮನೆ ಹೆಸರಿಂದ ಹುಡುಕುವ ವಾಚನಾಲಯದ ಆಪ್ ಹೇಗಿರ್ಬೇಕು ಅಂತ ಒಂದು ಸಲ ನೋಡ್ಬೇಕಿತ್ತು.